ಹದಿನಾಲ್ಕು ಪಕ್ಷದ ಶಿವಲಿಂಗಣ್ಣ

ಶಿವಲಿಂಗಣ್ಣ ಕೂತಿದ್ದನ್ನು ನಾನು ನೋಡಿದ್ದು ಎರಡೇ ಸಲ. ಚನ್ನಪಟ್ಟಣದ ಬಸ್ ಸ್ಟ್ಯಾಂಡಿನ ಎದುರು ನನ್ನ ಜೆರಾಕ್ಸ್ ಅಂಗಡಿ ಶುರುವಾದ ದಿನದಿಂದ ಅವರು ದಿನಕ್ಕೆರಡು ಸಲವಾದರೂ ಬರುತ್ತಿದ್ದರು. ಗಿರಾಕಿಗಳಿಗೆಂದು ಎರಡು ಪ್ಲಾಸ್ಟಿಕ್ ಸ್ಟೂಲು ಹಾಕಿದ್ದೆ. "ಕೂತ್ಕಳಿ ಶಿವಲಿಂಗಣ್ಣ" ಅಂದರೆ ಸ್ಟೂಲನ್ನು ಒಮ್ಮೆ ಅನುಮಾನದಿಂದ ನೋಡಿ, ಅದನ್ನು ಬಳಸಿಕೊಂಡು ಬಾಗಿಲಿಗೆ ಹೋಗಿ, ಬಾಗಿಲಿನಿಂದ ಮತ್ತೆ ಮೆಷಿನ್ ಹತ್ತಿರ ಬಂದು, ಇನ್ನೊಂದು ಸಲ ಬಾಗಿಲಿಗೆ ಹೋಗುವರು. ಟೀ ಕುಡಿಯುವುದೂ ನಡೆಯುತ್ತಲೇ. ನಮ್ಮೂರಿಗೆ ಹೋಗುವ ಬೈರಾಪಟ್ಟಣದ ಕಡೆಯ ಬಸ್ಸಿನಲ್ಲಿ ಅರ್ಧ ಸೀಟು ಖಾಲಿ ಇದ್ದರೂ ಕಂಬಿ ಹಿಡಿದು ನಿಂತೇ ಹೋಗುತ್ತಿದ್ದರು. ಅವರ ಹೆಂಡತಿ ಜಯಕ್ಕ ಒಂದು ದಿನ ನನ್ನ ಹತ್ತಿರ ಗೋಳು ತೋಡಿಕೊಂಡಿದ್ದರು. "ಉಣ್ಣೋವಾಗ್ಲಾದ್ರೂ ಒಂದ್ಕಡೆ ಕುಂತ್ಕತಾರಾ ಅಂದ್ರೆ ಇಲ್ಲ ಕಣವ್ವ. ತಟ್ಟೆ ಕೈಲಿಡ್ಕಂಡು ಹಟ್ಟಿ ತುಂಬಾ ಓಡಾಡ್ತಾರೆ. ನಾನು ಸಾರಿನ ಸೌಟು ಹಿಡ್ಕಂಡು ಹಿಂದಿಂದೆ ಓಡ್ಬೇಕು."

ಕುತ್ತಿಗೆಗೆ ಹಳದಿ ಬಟ್ಟೆಯ ಅಳತೆ ಟೇಪು, ಕಿವಿಗೆ ಒತ್ತಿಹಿಡಿದ ಮೊಬೈಲು. ಟೇಪಿನಿಂದ ಕಂಡಕಂಡ ಮರದ ಸುತ್ತಳತೆ ತೆಗೆಯುವರು. ಮೊಬೈಲಿನಲ್ಲಿ ಫ್ರೆಂಚ್ ರೇಡಿಯೋ ಕೇಳುವರು. ಮೊದಮೊದಲು ನನಗೆ ಆ ರೇಡಿಯೋ ಗಲಾಟೆ ಕೇಳಿ ತಲೆ ಕೆಡುತ್ತಿತ್ತು. ಬೀಡಿ ಸೇದುವ ಚಟ, ಇಸ್ಪೀಟಿನ ಚಟ ಗೊತ್ತಿತ್ತು. ನಮ್ಮೂರಿನ ಗೌಡರೊಬ್ಬರಿಗೆ ಫ್ರೆಂಚ್ ವಾರ್ತೆಯ ಚಟ ಹತ್ತಬಹುದೆಂದು ನಾನು ಅಂದುಕೊಂಡಿರಲಿಲ್ಲ.

ಅದು ಹತ್ತಿದ್ದು ಹೀಗೆ. ಶಿವಲಿಂಗಣ್ಣ ಚಿಕ್ಕಂದಿನಲ್ಲೇ ಚನ್ನಪಟ್ಟಣದ ಒಂದು ಸಾಮಿಲ್‌ನಲ್ಲಿ ಕೆಲಸಕ್ಕೆ ಸೇರಿದ್ದರು. ದಿಮ್ಮಿ ನೋಡಿದ ಕೂಡಲೇ ಒಳಗೆ ಎಲ್ಲಿ ಟೊಳ್ಳಿದೆ, ಎಷ್ಟು ಹಲಗೆ ಬರುತ್ತದೆ ಎಂದು ಹೇಳುವ ಕಣ್ಣು ಅವರದು. ತೇಗದ ವ್ಯಾಪಾರಿಯೊಬ್ಬರು ಇವರನ್ನು ಪಶ್ಚಿಮ ಆಫ್ರಿಕಾದ ಟೋಗೊ ಎಂಬ ಪುಟ್ಟ ದೇಶಕ್ಕೆ, ಅದರ ರಾಜಧಾನಿ ಲೋಮೆಗೆ, ತೇಗದ ದಿಮ್ಮಿ ಅಳೆದು ಹಡಗಿಗೆ ಹಾಕಿಸುವ ಕೆಲಸಕ್ಕೆ ಕಳಿಸಿದರು. ಹನ್ನೊಂದು ವರ್ಷ ಅಲ್ಲಿದ್ದರು. ಆ ಡಿಪೋದ ಮೇಸ್ತ್ರಿ ಕೋಸಿ. ಇವರು ಅಳೆಯುವುದು, ಅವನು ದಿಮ್ಮಿಯ ಮೇಲೆ ಸುಣ್ಣದಲ್ಲಿ ಬರೆಯುವುದು. ಹೋದ ಮೊದಲ ವರ್ಷವೇ ಇವರಿಗೆ ಮಲೇರಿಯಾ ಹಿಡಿದು ಪ್ರಜ್ಞೆ ತಪ್ಪಿದಾಗ ಒಂಬತ್ತು ದಿನ ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತಿದ್ದವನು ಕೋಸಿ.

"ಕಣ್ಬುಟ್ಟಾಗೆಲ್ಲ ಅವ್ನೇ ಕುಂತಿರೋನು ಕಣವ್ವ" ಎಂದು ಶಿವಲಿಂಗಣ್ಣ ಹೇಳುತ್ತಿದ್ದರು. "ನಾನು ಜ್ವರದಾಗೆ ಕನ್ನಡ್ದಲ್ಲೇ ಬಡಬಡಿಸ್ತಿದ್ನಂತೆ. ಅದ ಕೇಳಿಕೇಳಿ ಅವ್ನು ಒಂದ್ಮಾತು ಕಲ್ತ್ಕಬುಟ್ಟ. ನಮ್ಮವ್ವ ನನ್ನ ಕೇಳ್ತಿದ್ಲಲ್ಲ, ಊಟ ಆಯ್ತಾ ಅಂತ, ಅದು."

ಊರಿಗೆ ವಾಪಸಾದ ಮೇಲೂ ಪ್ರತಿ ಭಾನುವಾರ ಸಂಜೆ ನಾಲ್ಕೂವರೆಗೆ, ಅಲ್ಲಿ ಕೋಸಿ ಚರ್ಚು ಮುಗಿಸಿ ಬಂದ ಹೊತ್ತಿಗೆ, ಫೋನ್ ಬರುತ್ತಿತ್ತು. "ಊಟ ಆಯ್ತಾ ಲಿಂಗಾ?" ಎಂದು ಅವನು ಕೂಗುವುದು ನನ್ನ ಮೇಜಿನವರೆಗೂ ಕೇಳುತ್ತಿತ್ತು. ಅಲ್ಲಿಂದಾಚೆಗೆ ಫ್ರೆಂಚು. ಇವರು ಅಂಗಡಿಯ ಮುಂದಿನ ಫುಟ್‌ಪಾತಿನ ಆ ತುದಿಯಿಂದ ಈ ತುದಿಗೆ ಓಡಾಡುತ್ತಾ, ಕೈ ಬೀಸುತ್ತಾ, ನಗುತ್ತಾ, ಬಯ್ಯುತ್ತಾ ಒಂದು ಗಂಟೆ ಕಳೆಯುವರು.

ಮಾತೆಲ್ಲ ರಾಜಕೀಯ. ಆ ದೇಶವನ್ನು ಅಪ್ಪ ಆಳಿದ, ಅಪ್ಪ ಸತ್ತ ಮೇಲೆ ಮಗ ಆಳುತ್ತಿದ್ದ. ಇಬ್ಬರದೂ ಸೇರಿದರೆ ಐವತ್ತು ವರ್ಷ. ಎದುರಾಳಿಗಳು ನೂರೆಂಟು ಗುಂಪು. ಅವರಲ್ಲಿ ಹದಿನಾಲ್ಕು ಪಕ್ಷಗಳು ಅದೊಂದು ಸಲ ಒಟ್ಟಾಗಿ ಬೀದಿಗಿಳಿದವು. ಕೋಸಿ ಅದರಲ್ಲೊಂದು ಸಣ್ಣ ಪಕ್ಷದ ಕೇರಿ ಮಟ್ಟದ ಕಾರ್ಯಕರ್ತ. ಅವನ ಸ್ವಂತ ಅಣ್ಣ ಇನ್ನೊಂದು ಪಕ್ಷದವನು. ಒಕ್ಕೂಟವಾದ ಮೇಲೆ ಅಣ್ಣತಮ್ಮ ಒಂದೇ ಮೆರವಣಿಗೆಯಲ್ಲಿ ನಡೆದರಂತೆ. ಆ ಸುದ್ದಿ ಬಂದ ದಿನ ಶಿವಲಿಂಗಣ್ಣ ಬಸ್ ಸ್ಟ್ಯಾಂಡಿನಲ್ಲಿ ಕಂಡವರಿಗೆಲ್ಲ ಟೀ ಕುಡಿಸಿದರು. ಯಾಕೆಂದು ಯಾರಿಗೂ ತಿಳಿಯಲಿಲ್ಲ, ಎಲ್ಲರೂ ಕುಡಿದರು. ಅವತ್ತಿನಿಂದ ಅವರಿಗೆ "ಹದಿನಾಲ್ಕು ಪಕ್ಷ" ಎಂಬ ಹೆಸರು ಬಿತ್ತು.

ನನಗೂ ಆ ಪಾಠ ತಪ್ಪಲಿಲ್ಲ. ಪಕ್ಕದ ಬೊಂಬೆ ಅಂಗಡಿಯಿಂದ ಹದಿನಾಲ್ಕು ಅರಗಿನ ಬೊಂಬೆ ಎತ್ತಿಕೊಂಡು ಬಂದು ನನ್ನ ಜೆರಾಕ್ಸ್ ಮೆಷಿನ್ನಿನ ಮೇಲೆ ಸಾಲಾಗಿ ನಿಲ್ಲಿಸಿದರು. ಕೋಸಿಯ ಪಕ್ಷ ಕೆಂಪು ಬುಗುರಿ. ಅವನಣ್ಣನ ಪಕ್ಷ ಹಸಿರು ರೈಲು. ಮಿಕ್ಕವು ಆನೆ, ಗಿಲಕಿ, ತಲೆಯಾಡಿಸುವ ಗೌಡ, ತಲೆಯಾಡಿಸುವ ಗೌಡ್ತಿ, ಹೀಗೆ. ಆಳುವ ಪಕ್ಷಕ್ಕೆ ಬೊಂಬೆ ಸಾಲದು ಎಂದು ನನ್ನ ಕಬ್ಬಿಣದ ಪಂಚಿಂಗ್ ಮೆಷಿನ್ ಎತ್ತಿ ಎದುರಿಗಿಟ್ಟರು. ಅಷ್ಟು ಹೊತ್ತಿಗೆ ಆಧಾರ್ ಕಾರ್ಡಿನ ಕಾಪಿಗೆ ಐದಾರು ಜನ ನಿಂತಿದ್ದರು.

"ನೋಡು ಭಾಗ್ಯವ್ವ, ಒಂದೊಂದೇ ಬಂದ್ರೆ ಈ ಕಬ್ಬಿಣ ಎಲ್ಲನೂ ಚಿತ್ತು ಮಾಡ್ತದೆ. ಹದ್ನಾಕೂ ಒಟ್ಗೆ ನೂಕುದ್ರೆ?" ಎಂದು ಎರಡೂ ಕೈಯಿಂದ ಬೊಂಬೆಗಳನ್ನು ಒಟ್ಟಿಗೆ ನೂಕಿದರು. ಪಂಚಿಂಗ್ ಮೆಷಿನ್ ಕೆಳಗೆ ಬಿದ್ದು ಹಿಡಿ ಮುರಿಯಿತು. "ಕಂಡ್ಯಾ! ಹೊರಟೋಯ್ತು!" ಎಂದು ಕುಣಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಆ ಮುಖ ನೋಡಿ ನಗು ತಡೆಯಲಾಗಲಿಲ್ಲ. ಬೊಂಬೆಗಳು ಆಮೇಲೂ ನನ್ನ ಮೇಜಿನ ಮೇಲೇ ಉಳಿದವು.

ಹದಿನಾಲ್ಕು ಬಹಳ ದಿನ ಹದಿನಾಲ್ಕಾಗಿ ಉಳಿಯಲಿಲ್ಲ. ಸಂಸತ್ತಿನ ಚುನಾವಣೆ ನ್ಯಾಯವಾಗಿ ನಡೆಯುವುದಿಲ್ಲ ಎಂದು ಒಕ್ಕೂಟ ಬಹಿಷ್ಕಾರ ಹಾಕಿತು. ಆಳುವವರು ಆರಾಮಾಗಿ ಗೆದ್ದರು. ಬಹಿಷ್ಕಾರ ಸರಿಯೋ ತಪ್ಪೋ ಎಂಬ ಜಗಳ ಹತ್ತಿ ಒಬ್ಬೊಬ್ಬರೇ ಎದ್ದುಹೋದರು. ಶಿವಲಿಂಗಣ್ಣ ದಿನಾ ಬಂದು ಒಂದೊಂದು ಬೊಂಬೆಯನ್ನು ಪಕ್ಕದಂಗಡಿಗೆ ವಾಪಸ್ ಕೊಡುತ್ತಿದ್ದರು. "ಇವತ್ತು ಆನೆ ಹೋಯ್ತು ಕಣವ್ವ." "ಗಿಲಕಿನೂ ಹೋಯ್ತು." ಕೊನೆಗೆ ಮೇಜಿನ ಮೇಲೆ ಬುಗುರಿ, ರೈಲು ಎರಡೇ ಉಳಿದವು. ಮುಂದೆ ಅಧ್ಯಕ್ಷರ ಚುನಾವಣೆ ಬಂತು. ವಿರೋಧದ ಕಡೆಯಿಂದ ಒಬ್ಬ ನಿಲ್ಲುವ ಬದಲು ಹಲವರು ನಿಂತರು. ಬುಗುರಿಯವರು ಒಬ್ಬನನ್ನು ನಿಲ್ಲಿಸಿದರು, ರೈಲಿನವರು ಇನ್ನೊಬ್ಬನನ್ನು. ಕೋಸಿಗೂ ಅವನಣ್ಣನಿಗೂ ಮಾತು ನಿಂತಿತು.

ಆಗ ಶಿವಲಿಂಗಣ್ಣ ಒಂದು ಕೆಲಸ ಮಾಡಿದರು. ನನ್ನ ಅಂಗಡಿಯ ಮುಂದೆ ಓಡಾಡುತ್ತಲೇ ಕೋಸಿಗೆ ಉದ್ದನೆಯ ವಾಯ್ಸ್ ಮೆಸೇಜು ಕಳಿಸಿದರು. ನೀವು ಸಣ್ಣವರು, ಹಿಂದೆ ಸರಿಯಿರಿ. ನಿನ್ನ ಕೇರಿಯವರಿಗೆ ಹೇಳಿ ಅಣ್ಣನ ಕಡೆಯವನಿಗೆ ವೋಟು ಹಾಕಿಸು. ಏನಪ್ಪಾ ನಿಮ್ಮದು, ಒಂದು ಹೆಜ್ಜೆ ಹಿಂದಿಡುವುದು ಅಷ್ಟು ಕಷ್ಟವೇ, ಅಂತ. ಕಳಿಸಿದ ಮೇಲೆ ನನಗೆ ಕನ್ನಡದಲ್ಲಿ ಹೇಳಿ ಬೀಗಿದರು. ನಾನು, "ಮನೆ ಜಗಳದ ಮಧ್ಯ ಯಾಕಣ್ಣ ಹೋಗ್ತೀರಿ?" ಅಂದೆ. ಕೇಳಲಿಲ್ಲ.

ಉತ್ತರ ಮರುದಿನ ಬಂತು. ಬರಹದಲ್ಲಿ ಬಂದಿತ್ತು, ಚಿಕ್ಕದು. ಶಿವಲಿಂಗಣ್ಣನಿಗೆ ಫ್ರೆಂಚ್ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ನಾನೇ ಮೊಬೈಲಿನ ಅನುವಾದದಲ್ಲಿ ಹಾಕಿ ಓದಿ ಹೇಳಿದೆ. "ಲಿಂಗಾ, ದೂರದಲ್ಲಿ ನಿಂತು ಹೇಳುವುದು ಸುಲಭ. ನಿನ್ನ ಊರಿನಲ್ಲಿ, ನಿನಗೆ ಆಗದವನಿಗೋಸ್ಕರ, ನೀನು ಹಿಂದೆ ಸರಿದ ದಿನ ನನಗೆ ಹೇಳು. ಅಲ್ಲಿಯವರೆಗೆ ಮಾತು ಬೇಡ."

ಆ ಭಾನುವಾರ ಫೋನ್ ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ಶಿವಲಿಂಗಣ್ಣ ನಾಲ್ಕೂವರೆಗೆ ಸರಿಯಾಗಿ ಬಂದು ಐದೂವರೆಯವರೆಗೆ ಫುಟ್‌ಪಾತಿನ ಮೇಲೆ ಓಡಾಡಿ ಹೋಗುವರು. ಒಂಬತ್ತು ದಿನ ಪಕ್ಕದಲ್ಲಿ ಕೂತಿದ್ದವನ ಮಾತನ್ನು ತಾನೇ ಕಳೆದುಕೊಂಡೆ ಎಂಬ ಸಂಕಟ ಅವರನ್ನು ತಿನ್ನುತ್ತಿತ್ತು. ನೋಡಿ ನೋಡಿ ನನಗೇ ಕಾಲು ನೋಯುತ್ತಿತ್ತು.

ಸ್ವಲ್ಪ ದಿನಕ್ಕೆ ನಮ್ಮೂರಿನ ಹಾಲಿನ ಡೈರಿಗೆ ಚುನಾವಣೆ ಬಂತು. ಡೈರಿ ಎಂದರೆ ನಮ್ಮಲ್ಲಿ ಊರಿನ ಅರ್ಧ ಜೀವ. ಹದಿನೈದು ವರ್ಷದಿಂದ ಒಬ್ಬರೇ ಅಧ್ಯಕ್ಷರು. ಅವರಿಗಾಗದವರ ಹಾಲಿನಲ್ಲಿ ಮಾತ್ರ ಫ್ಯಾಟು ಯಾವಾಗಲೂ ಕಡಿಮೆ, ದುಡ್ಡೂ ಕಡಿಮೆ. ನಮ್ಮವ್ವನ ಕ್ಯಾನು ಎಷ್ಟೋ ಸಲ ತುಂಬಿದ ಹಾಗೇ ವಾಪಸ್ ಬಂದಿತ್ತು. ಅವರಿಗೆ ಎದುರಾಗಿ ನಾಲ್ಕು ಗುಂಪುಗಳಿದ್ದವು. ನಾಲ್ಕೂ ಗುಂಪಿನವರು ಪೈಪೋಟಿಯಲ್ಲಿ ಇಪ್ಪತ್ತೆರಡು ನಾಮಪತ್ರ ಹಾಕಿಬಿಟ್ಟಿದ್ದರು. ನಿರ್ದೇಶಕರ ಸ್ಥಾನ ಹದಿಮೂರು.

ಶಿವಲಿಂಗಣ್ಣ ಮೈಮೇಲೆ ದೇವರು ಬಂದವರ ಹಾಗೆ ಎದ್ದರು. ಮನೆಮನೆಗೆ ನಡೆದರು. ಹೊಲದಲ್ಲಿ ಹಿಡಿದರು, ರೇಷ್ಮೆ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದವರನ್ನು ಬಾಗಿಲಲ್ಲಿ ನಿಂತು ಕೂಗಿದರು. ಕೊನೆಗೆ ನಾಲ್ಕೂ ಗುಂಪಿನವರನ್ನು ಮಾರಮ್ಮನ ಗುಡಿ ಮುಂದೆ ಸೇರಿಸಿದರು. ನಮ್ಮ ಕಡೆ ದೊಡ್ಡ ಮಾತಿಗೆ ಹಾಲು ಮುಟ್ಟಿ ಆಣೆ ಮಾಡುವ ರೂಢಿಯಿದೆ. ಒಬ್ಬೊಬ್ಬರೂ ತಂತಮ್ಮ ಹಸುವಿನ ಹಾಲನ್ನು ಚೊಂಬಿನಲ್ಲಿ ತಂದು ಒಂದೇ ಕೊಳಗಕ್ಕೆ ಸುರಿದು, ಅದನ್ನು ಮುಟ್ಟಿ, ಹದಿಮೂರು ಜನ ಮಾತ್ರ ನಿಲ್ಲುವುದೆಂದು ಆಣೆ ಮಾಡಿದರು. ಯಾರು ನಿಲ್ಲಬೇಕು, ಯಾರು ಸರಿಯಬೇಕು? ನಿಯಮ ಬರೆದವರು ಶಿವಲಿಂಗಣ್ಣನೇ. ಒಂದು ಮನೆತನದಿಂದ ಒಬ್ಬರು. ಯಾರು ಹೆಚ್ಚು ಹಾಲು ಹಾಕುತ್ತಾರೋ ಅವರು. ನಾನೇ ಅದನ್ನು ಟೈಪ್ ಮಾಡಿ ಇಪ್ಪತ್ತೆರಡು ಕಾಪಿ ತೆಗೆದೆ.

ಆ ನಿಯಮ ತಿರುಗಿ ಅವರ ಕೊರಳಿಗೇ ಬಂತು. ಆ ಇಪ್ಪತ್ತೆರಡರಲ್ಲಿ ಅವರ ಮನೆತನದವರೇ ಇಬ್ಬರಿದ್ದರು. ಒಬ್ಬರು ಒಂದೇ ಹಸುವಿನ ಶಿವಲಿಂಗಣ್ಣ, ಇನ್ನೊಬ್ಬರು ಆರು ಹಸುವಿನ ನಂಜೇಗೌಡರು. ನಂಜೇಗೌಡರು ಇವರ ದಾಯಾದಿ, ಚಿಕ್ಕಪ್ಪನ ಮಗ. ಇವರು ಲೋಮೆಯಲ್ಲಿದ್ದಾಗ ಬದುವಿನ ಮೇಲಿದ್ದ ಹಳೆಯ ಹಲಸಿನ ಮರವನ್ನು ನಂಜೇಗೌಡರು ಕೇಳದೆ ಕೆಡವಿಸಿಬಿಟ್ಟಿದ್ದರು. ಶಿವಲಿಂಗಣ್ಣ ಹುಡುಗನಾಗಿದ್ದಾಗ ಮೊದಲು ಹಗ್ಗ ಸುತ್ತಿ ಅಳೆದಿದ್ದು ಆ ಮರವನ್ನಂತೆ. ಪ್ರತಿ ಯುಗಾದಿಗೆ ಅಳೆಯುತ್ತಿದ್ದರಂತೆ. ಊರಿಗೆ ಬಂದು ಬೊಡ್ಡೆ ನೋಡಿದವರು ಅವತ್ತಿನಿಂದ ನಂಜೇಗೌಡರ ಮುಖ ನೋಡಿರಲಿಲ್ಲ. ನಂಜೇಗೌಡರದು ಇವರಿಗೆ ಪೂರ್ತಿ ಉಲ್ಟಾ ಸ್ವಭಾವ. ಡೈರಿ ಜಗುಲಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಬೆಳಗ್ಗೆ ಕೂತರೆ ಮಧ್ಯಾಹ್ನದವರೆಗೆ ಏಳುವ ಆಸಾಮಿಯಲ್ಲ. ಯಾರು ಬಂದರೂ ಕೂತಲ್ಲಿಂದಲೇ ಮಾತು.

ನಾಮಪತ್ರ ವಾಪಸ್ ತೆಗೆಯಲು ಕೊನೆಯ ದಿನ ಮಧ್ಯಾಹ್ನ ಮೂರರವರೆಗೆ ಸಮಯ. ಎಂಟು ಜನ ಬೆಳಗ್ಗೆಯೇ ವಾಪಸ್ ತೆಗೆದಿದ್ದರು. ಹದಿನಾಲ್ಕು ಜನ ಉಳಿದರು. ಆ ಸಂಖ್ಯೆ ಕೇಳಿದ್ದೇ ತಡ, ನಾನು ವಾಪಸಾತಿ ಅರ್ಜಿ ಟೈಪ್ ಮಾಡಿ, ಅಂಗಡಿಗೆ ಬೀಗ ಹಾಕಿಕೊಂಡು ಹೋಗಿ ಶಿವಲಿಂಗಣ್ಣನ ಕೈಗೆ ಕೊಟ್ಟೆ. ಎರಡೂವರೆ ಗಂಟೆ. ಅವರು ಅರ್ಜಿ ಹಿಡಿದು ಡೈರಿ ಕಟ್ಟಡವನ್ನು ಸುತ್ತತೊಡಗಿದರು. ಒಂದು ಸುತ್ತು, ಎರಡು ಸುತ್ತು. "ಹೋಗಿ ಕೊಡಿ ಅಣ್ಣ, ಕೋಸಿ ಹೇಳಿದ್ದು ಇದನ್ನೇ ಅಲ್ವಾ" ಎಂದು ನಾನು ಹಿಂದೆಯೇ ಗೋಗರೆಯುತ್ತಿದ್ದೆ. "ಕೊಡ್ತೀನಿ ಕಣವ್ವ, ಒಸಿ ತಡಿ" ಎಂದು ಮೂರನೇ ಸುತ್ತು ಮುಗಿಸಿ ಮೆಟ್ಟಿಲ ಮೇಲೆ ಕಾಲಿಟ್ಟರು.

ಜಗುಲಿಯ ಮೇಲೆ ಕೂತಿದ್ದ ನಂಜೇಗೌಡರು ಕಾಲು ಕೂಡ ತೆಗೆಯದೆ ಅಂದರು: "ಬಾರ್ಲಾ ಲಿಂಗ, ಬೇಗ ಸೈನ್ ಹಾಕ್ಬುಟ್ಟು ಹೋಗು, ಹೊತ್ತಾಯ್ತದೆ."

ಅಷ್ಟೇ ಮಾತು. ಬಹುಶಃ ಕೆಟ್ಟ ಮನಸ್ಸಿನಿಂದ ಆಡಿದ್ದೂ ಅಲ್ಲ. ಶಿವಲಿಂಗಣ್ಣ ಮೆಟ್ಟಿಲ ಮೇಲಿದ್ದ ಕಾಲನ್ನು ಕೆಳಗಿಳಿಸಿದರು. ಅರ್ಜಿಯನ್ನು ನಾಲ್ಕು ಮಡಿಕೆ ಮಡಚಿ ಜೇಬಿಗೆ ಹಾಕಿಕೊಂಡರು. ರಸ್ತೆಗೆ ನಡೆದರು. ನಾನು ಕೂಗಿದೆ, ಬೇರೆಯವರೂ ಕೂಗಿದರು. ತಿರುಗಿ ನೋಡಲಿಲ್ಲ. ಮೂರು ಹೊಡೆಯಿತು.

ವೋಟು ಒಡೆಯಿತು. ನಂಜೇಗೌಡರೂ ಸೋತರು, ಶಿವಲಿಂಗಣ್ಣನೂ ಸೋತರು. ನಮ್ಮವರು ಆರು ಸ್ಥಾನ, ಹಳೆಯ ಅಧ್ಯಕ್ಷರ ಕಡೆ ಏಳು. ಮರುದಿನವೇ ನಮ್ಮವ್ವನ ಹಾಲಿನ ಫ್ಯಾಟು ಮತ್ತೆ ಇಳಿಯಿತು. ಊರಿಗೆ ಊರೇ ಶಿವಲಿಂಗಣ್ಣನಿಗೆ ಶಾಪ ಹಾಕಿತು. ನಾನೂ ಹಾಕಿದೆ, ಸುಳ್ಳು ಯಾಕೆ ಹೇಳಲಿ.

ಎರಡು ದಿನ ಬಿಟ್ಟು ಅಂಗಡಿಗೆ ಬಂದರು. ಬಾಗಿಲಿನಿಂದ ಮೆಷಿನ್ ಹತ್ತಿರ ಬಂದರು, ಮತ್ತೆ ಬಾಗಿಲಿಗೆ ಹೋಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತುಬಿಟ್ಟರು. ನಾನು ಬಯ್ಯಲೆಂದೇ ಬಾಯಿ ತೆರೆದಿದ್ದವಳು ಟೀ ತರಿಸಿದೆ. ಮೇಜಿನ ಮೇಲಿದ್ದ ಬುಗುರಿಯನ್ನು ಕೈಗೆ ತೆಗೆದುಕೊಂಡು ತಿರುವುತ್ತಾ ಹೇಳಿದರು. "ಕೋಸಿ ಹೇಳಿದ್ದು ಸರಿ ಕಣವ್ವ. ಹೊರಗಿಂದ ನೋಡುದ್ರೆ ಒಂದೆಜ್ಜೆ. ನಿಂತಿರೋನ್ಗೆ ಬಾವಿ ಕಂಡಂಗೆ ಕಾಣ್ತದೆ."

"ಅದನ್ನೇ ಅವರಿಗೆ ಹೇಳಿ" ಅಂದೆ.

"ಯಾವ್ ಮುಖ ಇಟ್ಕಂಡು ಹೇಳ್ಲಿ? ಸರ್ದ ದಿನ ಹೇಳು ಅಂದವ್ನೆ. ಸರೀನಿಲ್ವಲ್ಲ."

ಆಮೇಲೆ ಐದು ವರ್ಷ ಕೋಸಿಗೂ ಅವರಿಗೂ ಮಾತಿಲ್ಲ. ಕೊರೋನಾ ಬಂತು, ಹೋಯಿತು. ಶಿವಲಿಂಗಣ್ಣನ ಎದೆಗೆ ಸ್ಟೆಂಟು ಬಿತ್ತು. ಡಾಕ್ಟರು ದಿನಾ ಅರ್ಧ ಗಂಟೆ ನಡೆಯಿರಿ ಎಂದಾಗ ಜಯಕ್ಕ ಆಸ್ಪತ್ರೆಯಲ್ಲೇ ನಕ್ಕುಬಿಟ್ಟರಂತೆ. ರೇಡಿಯೋ ಮಾತ್ರ ನಿಲ್ಲಲಿಲ್ಲ. ಆ ದೇಶದಲ್ಲಿ ಸಂವಿಧಾನವನ್ನೇ ಬದಲಾಯಿಸಿ, ಜನ ನೇರವಾಗಿ ಅಧ್ಯಕ್ಷರನ್ನು ಆರಿಸುವುದನ್ನೇ ತೆಗೆದುಹಾಕಿದರು. ವಿರೋಧದವರು ಇನ್ನೊಂದು ಒಕ್ಕೂಟ ಕಟ್ಟಿದರು. "ಹೆಸ್ರು ಹೊಸದು ಕಣವ್ವ, ಮುನಿಸು ಹಳೇದು" ಎಂದು ಶಿವಲಿಂಗಣ್ಣ ಫುಟ್‌ಪಾತಿನ ಮೇಲೆ ನಡೆಯುತ್ತಲೇ ನನಗೆ ಕೂಗಿ ಹೇಳಿದರು. ವಾರ್ತೆಯಲ್ಲಿ ಲೋಮೆಯ ಹೆಸರು ಬಂದಾಗಲೆಲ್ಲ ಫೋನನ್ನು ಕಿವಿಗೆ ಇನ್ನಷ್ಟು ಒತ್ತುತ್ತಿದ್ದರು, ಆ ಗದ್ದಲದೊಳಗೆಲ್ಲೋ ಕೋಸಿಯ ದನಿ ಕೇಳಬಹುದು ಎನ್ನುವಂತೆ.

ಮತ್ತೆ ಡೈರಿ ಚುನಾವಣೆ ಬಂತು. ಈ ಸಲ ನಾಲ್ಕು ಗುಂಪಿನವರೂ ಬುದ್ಧಿ ಕಲಿತಿದ್ದರು. ಮೊದಲೇ ಹದಿಮೂರು ಜನರನ್ನು ಗೊತ್ತು ಮಾಡಿ ಹದಿಮೂರೇ ನಾಮಪತ್ರ ಹಾಕಿದರು. ಶಿವಲಿಂಗಣ್ಣನ ಮನೆತನದಿಂದ ನಂಜೇಗೌಡರು. ನಾಮಪತ್ರ ಹಾಕುವ ಕೊನೆಯ ದಿನ, ಯಾರಿಗೂ ಹೇಳದೆ ಕೇಳದೆ, ಶಿವಲಿಂಗಣ್ಣ ಹೋಗಿ ಹದಿನಾಲ್ಕನೆಯದು ಹಾಕಿ ಬಂದರು.

ಊರು ಹೊತ್ತಿಕೊಂಡು ಉರಿಯಿತು. ನಂಜೇಗೌಡರ ಕಡೆಯವರು ಇವರ ಮನೆ ಮುಂದೆ ನಿಂತು ಬಾಯಿಗೆ ಬಂದಂತೆ ಬಯ್ದರು. ಜಯಕ್ಕ ಎರಡು ದಿನ ಒಲೆ ಹಚ್ಚಲಿಲ್ಲ. ನಾನು ಬಸ್ ಸ್ಟ್ಯಾಂಡಿನಲ್ಲೇ ಅವರನ್ನು ತಡೆದು ನಿಲ್ಲಿಸಿದೆ.

"ಏನಣ್ಣ ಇದು? ಮತ್ತೆ ಅದೇ ಹಾಳುಕೆಲಸಕ್ಕೆ ಕೈ ಹಾಕಿದ್ದೀರಲ್ಲ?"

"ವಾಪಸ್ ತಗತೀನಿ ಕಣವ್ವ."

"ತಗೊಳ್ಳೋದಾದ್ರೆ ಹಾಕಿದ್ದು ಯಾಕೆ?"

ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದರು. "ಹಾಕ್ದೆ ವಾಪಸ್ ತಗಳೋದು ಹೆಂಗೆ? ನಿಂತಿದ್ರೆ ತಾನೆ ಸರಿಯಕ್ಕಾಗೋದು?"

ನನಗೆ ನಂಬಿಕೆ ಬರಲಿಲ್ಲ. ಯಾರಿಗೂ ಬರಲಿಲ್ಲ. ಆ ಒಂದು ವಾರ ಇಡೀ ಊರು ಅವರ ಜೇಬನ್ನೇ ನೋಡುತ್ತಿತ್ತು.

ಶುಕ್ರವಾರ ವಾಪಸಾತಿಯ ದಿನ. ಆಫೀಸು ತೆರೆಯುವ ಮೊದಲೇ ಅವರು ಡೈರಿ ಬಾಗಿಲಲ್ಲಿದ್ದರು. ನನ್ನನ್ನೂ ಎಳೆದುಕೊಂಡು ಹೋಗಿದ್ದರು, ತಮ್ಮ ಮೊಬೈಲನ್ನು ನನ್ನ ಕೈಗೆ ಕೊಟ್ಟು, "ನಂದೂ ನಂಜನ ಮುಖವೂ ಎರಡೂ ಬರಂಗೆ ವಿಡಿಯೋ ತಗಿ" ಎಂದು. ನಂಜೇಗೌಡರು ಜಗುಲಿಯ ಮೇಲೆ ಅದೇ ಜಾಗದಲ್ಲಿ ಕೂತಿದ್ದರು. ಈ ಸಲ ಬಾಯಿ ಬಿಡಲಿಲ್ಲ. ಯಾರೋ ಅವರಿಗೆ ಹೇಳಿ ಇಟ್ಟಿರಬೇಕು. ಶಿವಲಿಂಗಣ್ಣ ಮೆಟ್ಟಿಲು ಹತ್ತಿದರು, ಮಧ್ಯದಲ್ಲಿ ನಿಂತರು. ಮತ್ತೆ ಹತ್ತಿದರು. ಒಳಗೆ ಹೋಗಿ ಸೈನ್ ಹಾಕಿ ಹೊರಗೆ ಬಂದು, ರಸೀದಿಯನ್ನು ನಂಜೇಗೌಡರ ಮುಂದೆ ಹಿಡಿದು, "ತಕಳಪ್ಪ. ಆ ಹಲಸಿನ ಮರ ಎಂಟಡಿ ನಾಕಿಂಚು ಸುತ್ತಳತೆ ಇತ್ತು, ನೆನಪಿಟ್ಕ" ಅಂದರು. ನಂಜೇಗೌಡರು ರಸೀದಿ ತೆಗೆದುಕೊಂಡು ನೆಲ ನೋಡಿದರು. "ತಪ್ಪಾಯ್ತು ಕಣ್ಲಾ" ಎಂದು ಬಹಳ ಸಣ್ಣ ದನಿಯಲ್ಲಿ ಅಂದದ್ದು ವಿಡಿಯೋದಲ್ಲಿ ಕೇಳುವುದಿಲ್ಲ. ನನಗೆ ಕೇಳಿಸಿತು.

ವಿಡಿಯೋ ಕೋಸಿಗೆ ಹೋಯಿತು. ಜೊತೆಗೆ ಶಿವಲಿಂಗಣ್ಣನ ಮಾತು. ಆ ಫ್ರೆಂಚಿನಲ್ಲಿ ನನಗೆ ತಿಳಿದದ್ದು ನಂಜೇಗೌಡ ಎಂಬ ಹೆಸರೊಂದೇ. ವಾಟ್ಸಾಪಿನಲ್ಲಿ ಎರಡು ಗೀಟು ಬಿತ್ತು, ನೋಡಿದರೆ ಆಗುವ ನೀಲಿ ಆಗಲಿಲ್ಲ. ಶನಿವಾರವೂ ಆಗಲಿಲ್ಲ. ನನ್ನ ಅಂಗಡಿಯ ಮುಂದೆ ಆ ಮನುಷ್ಯ ಎಷ್ಟು ನಡೆದರೆಂದರೆ ಬೊಂಬೆ ಅಂಗಡಿಯವರು, "ನಿಂತ್ಕಳಿ ಸ್ವಾಮಿ, ನಮಗೇ ತಲೆ ಸುತ್ತುತ್ತೆ" ಎಂದು ಕೈ ಮುಗಿದರು.

ಭಾನುವಾರ ಮೊಬೈಲಿನ ಚಾರ್ಜು ಮುಗಿದು, ನನ್ನ ಅಂಗಡಿಯಲ್ಲಿ ಚಾರ್ಜಿಗೆ ಹಾಕಿ ಎಲ್ಲೋ ಹೋಗಿದ್ದರು. ನಾಲ್ಕೂವರೆಗೆ ಅದು ಬಾರಿಸಿತು. ಕೋಸಿಯ ಹೆಸರು ನೋಡಿ ಎತ್ತಿದೆ. "ಲಿಂಗಾ?" ಎಂದಿತು ಆ ಕಡೆಯ ದನಿ. "ಬತ್ತಾರೆ, ಬತ್ತಾರೆ, ಇಡ್ಬೇಡಿ" ಎಂದು ಕನ್ನಡದಲ್ಲೇ ಕಿರುಚಿ, ಅಂಗಡಿ ತೆರೆದಿಟ್ಟು ಓಡಿದೆ. ಎಲ್ಲೂ ಕೂರದ ಮನುಷ್ಯನನ್ನು ಎಲ್ಲಿ ಹುಡುಕುವುದು! ಟೀ ಅಂಗಡಿಯವರು, "ಈಗ ತಾನೆ ಹೋದ್ರು" ಅಂದರು. ಹೂವಿನವಳು, "ಸ್ಟೇಷನ್ ಕಡೆ ಹೋದಂಗಾಯ್ತು" ಅಂದಳು. ಓಡುತ್ತಾ ಓಡುತ್ತಾ "ಬಂದೆ, ಬಂದೆ" ಎಂದು ಫೋನಿಗೆ ಹೇಳುತ್ತಿದ್ದೆ. ಆ ಕಡೆಯಿಂದ "ಲಿಂಗಾ? ಲಿಂಗಾ?" ಎಂಬುದು ನಿಂತಿರಲಿಲ್ಲ.

ರೈಲ್ವೆ ಸ್ಟೇಷನ್ನಿನ ಹೊರಗೆ ದೊಡ್ಡದೊಂದು ಮಳೆಮರವಿದೆ. ಶಿವಲಿಂಗಣ್ಣ ಅದನ್ನು ತಬ್ಬಿಕೊಂಡು ನಿಂತಿದ್ದರು, ಟೇಪು ಹಿಡಿದ ಎರಡೂ ಕೈ ಮರದ ಸುತ್ತ. ನಾನು ಏದುಸಿರು ಬಿಡುತ್ತಾ ಫೋನನ್ನು ಅವರ ಕಿವಿಗಿಟ್ಟೆ.

"ಊಟ ಆಯ್ತಾ ಲಿಂಗಾ?"

ಟೇಪು ಜಾರಿತು. ಶಿವಲಿಂಗಣ್ಣ ಮರಕ್ಕೆ ಬೆನ್ನು ಕೊಟ್ಟು ಹಾಗೇ ಇಳಿದು ಬೇರಿನ ಮೇಲೆ ಕೂತರು. ತಲೆಯಾಡಿಸುತ್ತಿದ್ದರು, ಕಣ್ಣಿಂದ ನೀರು ಸುರಿಯುತ್ತಿತ್ತು. ಒಂದು ರೈಲು ಬಂತು, ಜನ ಇಳಿದರು, ಹೋದರು. ಅವರು ಏಳಲಿಲ್ಲ. ನಾನು ಪಕ್ಕದಲ್ಲಿ ನಿಂತೇ ಇದ್ದೆ. ಮಾತು ಮುಗಿದ ಮೇಲೆ, "ಏನಂದ್ರು ಅಣ್ಣ?" ಎಂದು ಕೇಳಿದೆ.

"ಅವ್ನಣ್ಣನೂ ಪಕ್ಕದಾಗೇ ಕುಂತವ್ನಂತೆ ಕಣವ್ವ. ವಿಡಿಯೋ ಇಬ್ರೂ ಸೇರಿ ನೋಡುದ್ರಂತೆ."

ಅದೇ ನಾನು ಅವರನ್ನು ಕೊನೆಯದಾಗಿ ನೋಡಿದ್ದು. ಬುಧವಾರ ಬೆಳಗ್ಗೆ ಡೈರಿಗೆ ಹಾಲು ಹಾಕಿ ವಾಪಸ್ ಬರುವಾಗ ದಾರಿಯಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಖಾಲಿ ಕ್ಯಾನು ಕೈಯಲ್ಲೇ ಇತ್ತು.

ಮುಂದಿನ ಭಾನುವಾರ ವೋಟು ಬಿತ್ತು, ಮಧ್ಯಾಹ್ನವೇ ಎಣಿಕೆ ಮುಗಿಯಿತು. ನಮ್ಮವರು ಏಳು, ಅವರು ಆರು. ನಂಜೇಗೌಡರು ಗೆದ್ದಿದ್ದರು. ಹಾರ ತಂದವರಿಗೆ, "ಸೂತಕ ಐತೆ, ತಗಂಡೋಗ್ರಪ್ಪ" ಎಂದು ಡೈರಿ ಜಗುಲಿಯ ಮೇಲೆ ಕೂತರು. ಆಚೆ ಬದಿಯಲ್ಲಿ ಗೆದ್ದ ನಮ್ಮವರೇ ಉಳಿದ ಆರು ಜನ ಅಧ್ಯಕ್ಷಗಿರಿ ಯಾರಿಗೆಂದು ಆಗಲೇ ಗುಸುಗುಸು ಶುರುಮಾಡಿದ್ದರು. ಇಬ್ಬರ ದನಿ ಏರಿತ್ತು. ಇದನ್ನು ನೋಡಿದ್ದರೆ ಶಿವಲಿಂಗಣ್ಣ ಕಟ್ಟಡವನ್ನು ಎಷ್ಟು ಸುತ್ತು ಹಾಕುತ್ತಿದ್ದರೋ ಎಂದು ನೆನೆದು ನನಗೆ ಅಳು ಬಂತು. ಜಯಕ್ಕ ಶಿವಲಿಂಗಣ್ಣನ ಮೊಬೈಲನ್ನು ನನಗೆ ಕೊಟ್ಟಿದ್ದರು, ಅದರ ಮರ್ಮ ನನಗೊಬ್ಬಳಿಗೇ ಗೊತ್ತೆಂದು. ನಾಲ್ಕೂವರೆಗೆ ಅದು ಬಾರಿಸಿತು.

ನಾನು ಎತ್ತಿದೆ. ಏನು ಹೇಳಲಿ, ಯಾವ ಭಾಷೆಯಲ್ಲಿ ಹೇಳಲಿ? ನನ್ನ ಮೊಬೈಲಿನ ಅನುವಾದದಲ್ಲಿ, ಶಿವಲಿಂಗಣ್ಣ ಬುಧವಾರ ತೀರಿಕೊಂಡರು ಎಂದು ಬರೆದು, ಅದು ಫ್ರೆಂಚಿನಲ್ಲಿ ಆಡಿದ್ದನ್ನು ಈ ಮೊಬೈಲಿಗೆ ಕೇಳಿಸಿದೆ. ಯಾವುದೋ ಹೆಣ್ಣು ದನಿ, ಬಸ್ಸಿನ ಸ್ಟಾಪು ಹೇಳುವ ಹಾಗೆ, ಹೇಳಿ ಮುಗಿಸಿತು. ನಂಜೇಗೌಡರು ನನ್ನನ್ನೇ ನೋಡುತ್ತಿದ್ದರು. "ಆ ಕೋಸಿನಾ?" ಎಂದು ಕೇಳಿ ಕೈ ಚಾಚಿದರು. ಕೊಟ್ಟೆ.

ಜಗುಲಿಯಿಂದ ಏಳದ ನಂಜೇಗೌಡರು ಎದ್ದು ನಿಂತರು. "ಅಣ್ಣಾ, ನಾನು ನಂಜ" ಅಂದರು. ಆ ಕಡೆಯಿಂದ ಬಿಕ್ಕುವುದು ನನಗೂ ಕೇಳಿತು, ಒಬ್ಬರದಲ್ಲ, ಇಬ್ಬರದು. ಇವರೂ ಬಿಕ್ಕತೊಡಗಿದರು. ಹಾಗೆ ಬಿಕ್ಕುತ್ತಲೇ ಮೆಟ್ಟಿಲಿಳಿದು ಅಂಗಳದಲ್ಲಿ ಓಡಾಡತೊಡಗಿದರು, ಆ ತುದಿಯಿಂದ ಈ ತುದಿಗೆ. ಗುಸುಗುಸು ನಿಂತು ಎಲ್ಲರೂ ಅತ್ತ ನೋಡಿದರು. ಆಮೇಲೆ ಕೋಸಿ, ತನಗೆ ಬರುತ್ತಿದ್ದ ಒಂದೇ ಒಂದು ಕನ್ನಡದ ಮಾತನ್ನು ಕೇಳಿದ.

"ಊಟ ಆಯ್ತಾ?"

"ಇಲ್ಲ ಕಣಣ್ಣ" ಎಂದರು ನಂಜೇಗೌಡರು, ನಡೆಯುತ್ತಲೇ. "ನಾಕ್ ದಿನ ಆಯ್ತು, ತುತ್ತು ಒಳಗಿಳೀತಿಲ್ಲ. ನಿಂದು?"